ಹಸಿ ಕಸದ ಬಕೀಟು, ಕಬ್ಬಿನ ರವದಿ

ಟಿಳಕವಾಡಿ, ಬೆಳಗಾವಿ
ರವಿವಾರ, 13 ಜುಲೈ 2025

ಆಷಾಢದ ಮಳೆ ಇಂದು ಬೆಳಿಗ್ಗೆ ಕೆಲವು ಗಂಟೆ ಬಿಡುವು ಕೊಟ್ಟದ್ದರಿಂದ, ನಮ್ಮ ಅಪಾರ್ಟ್‌ಮೆಂಟಿನ ಹಸಿ ಕಸವನ್ನು ಒಯ್ದು ಗೊಬ್ಬರ ಮಾಡುವ ಯುವಕರ ಅಂಗಳಕ್ಕೆ ಹೋಗಿಬಂದೆ. ಖಾನಾಪುರ ರಸ್ತೆಯಿಂದ ಒಳಗೆ ತಿರುಗಿ ಸ್ವಲ್ಪ ದೂರ ಸಾಗಿದರೆ, ಹೊಲವೊಂದರ ಅಂಚಿನಲ್ಲಿ ತಗಡಿನ ಛಾವಣಿಯ ಎರಡು ಶೆಡ್ಡುಗಳು ಸಿಗುತ್ತವೆ. ವಾರಕ್ಕೆ ಮೂರು ಸಲ ಅವರ ಗೂಡ್ಸ್ ಆಟೋ ನಮ್ಮ ಗೇಟಿಗೆ ಬರುತ್ತದೆ. ತುಂಬಿದ ಬಕೀಟನ್ನು ಒಯ್ದು ತೊಳೆದ ಬಕೀಟನ್ನು ಇಟ್ಟುಹೋಗುತ್ತಾರೆ. ತಿಂಗಳಿಗೊಮ್ಮೆ ಒಂದಿಷ್ಟು ಶುಲ್ಕ ಕೊಡುತ್ತೇವೆ, ಆಗಾಗ ಕುಂಡಗಳಿಗೆಂದು ಒಂದು ಚೀಲ ಗೊಬ್ಬರ ಮರಳಿ ಬರುತ್ತದೆ. ಒಣ ಕಸ ಎಂದಿನಂತೆ ಪಾಲಿಕೆಯ ಗಾಡಿಗೆ ಹೋಗುತ್ತದೆ.

ಮನೆಯಲ್ಲೇ ಏಕೆ ಮಾಡಿಕೊಳ್ಳಬಾರದು ಎಂದು ಹಲವರು ಕೇಳುತ್ತಾರೆ. ಹಿತ್ತಲಿದ್ದವರು ಖಂಡಿತ ಮಾಡಿಕೊಳ್ಳಬೇಕು. ಆದರೆ ಎರಡನೆಯ ಮಹಡಿಯ ಸಣ್ಣ ಬಾಲ್ಕನಿಯಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಓರೆಯಾಗಿ ಬಡಿಯುವ ಬೆಳಗಾವಿಯ ಮಳೆಯಲ್ಲಿ ಗೊಬ್ಬರದ ಡಬ್ಬಿಯನ್ನು ಒದ್ದೆಯಾಗದಂತೆ ಕಾಯುವುದು ಎಲ್ಲರ ಕೈಲಾಗುವ ಕೆಲಸವಲ್ಲ. ನನ್ನ ತವರು ಅಥಣಿ ತಾಲೂಕಿನ ಕೃಷ್ಣಾ ತೀರದ ಹಳ್ಳಿ. ಅಲ್ಲಿ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ, ಏಕೆಂದರೆ ಮುಸುರಿ ಎಮ್ಮೆಗೆ ಹೋಗುತ್ತಿತ್ತು, ಎಮ್ಮೆಯ ಸೆಗಣಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಬೇಸಿಗೆಯಲ್ಲಿ ಬಂಡಿ ಏರಿ ಹೊಲಕ್ಕೆ. ನಗರದಲ್ಲಿ ಎಮ್ಮೆಯೂ ಇಲ್ಲ, ತಿಪ್ಪೆಯೂ ಇಲ್ಲ. ಉಳಿದಿರುವುದು ಮುಸುರಿ ಮಾತ್ರ. ಕಡಿದುಹೋದ ಆ ಸರಪಳಿಯನ್ನು ಈ ಸೇವೆ ಬೇರೊಂದು ರೀತಿಯಲ್ಲಿ ಮತ್ತೆ ಜೋಡಿಸುತ್ತಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ, ಆದ್ದರಿಂದಲೇ ಅದನ್ನು ಇಲ್ಲಿ ತುಸು ವಿವರವಾಗಿ ಬರೆದಿಡುತ್ತಿದ್ದೇನೆ.

ಶೆಡ್ಡಿನಲ್ಲಿ ಮೊದಲು ನಡೆಯುವ ಕೆಲಸ ಆರಿಸುವುದು. ಇಳಿಜಾರಾದ ಸಿಮೆಂಟ್ ಕಟ್ಟೆಯ ಮೇಲೆ ಬಕೀಟುಗಳನ್ನು ಸುರಿದು, ಇಬ್ಬರು ಮಹಿಳೆಯರು ಕೈಗವಸು ಹಾಕಿಕೊಂಡು ಕಸವನ್ನು ತೆಳ್ಳಗೆ ಹರಡುತ್ತಾರೆ. ಮೆಂತ್ಯದ ಕಡ್ಡಿ, ಉಳ್ಳಾಗಡ್ಡಿ ಸಿಪ್ಪೆ, ಬದನೆಕಾಯಿಯ ತೊಟ್ಟು, ಚಹಾದ ಚರಟ, ಬಿರುಸಾದ ಜೋಳದ ರೊಟ್ಟಿಯ ಚೂರು, ಈ ಹಂಗಾಮಿನ ಕೊನೆಯ ಮಾವಿನ ಗೊರಟೆ, ಇವೆಲ್ಲದರ ನಡುವೆ ಅವರ ಬೆರಳುಗಳು ಹುಡುಕುವುದು ಬೇರೆಯದನ್ನೇ. ಒಬ್ಬರು ತಮ್ಮ ಪಕ್ಕದಲ್ಲಿದ್ದ ಡಬ್ಬಿಯನ್ನು ನನಗೆ ತೋರಿಸಿದರು. ಅದರೊಳಗೆ ಹಾಲಿನ ಪಾಕೀಟು ಕತ್ತರಿಸುವಾಗ ಬೀಳುವ ತ್ರಿಕೋನಾಕಾರದ ಪ್ಲಾಸ್ಟಿಕ್ ತುಣುಕುಗಳು ರಾಶಿಯಾಗಿದ್ದವು, ಪ್ರತಿಯೊಂದೂ ಕಿರುಬೆರಳಿನ ಉಗುರಿನಷ್ಟು. ಕೊತ್ತಂಬರಿ ಕಟ್ಟಿನ ರಬ್ಬರ್, ಸೇಬಿನ ಮೇಲಿನ ಸ್ಟಿಕರ್, ಚಹಾ ಚೀಲದ ಪಿನ್ನು ಕೂಡ ಅಲ್ಲಿದ್ದವು. ದೊಡ್ಡ ಪ್ಲಾಸ್ಟಿಕ್ಕನ್ನು ತೆಗೆಯುವುದು ಸುಲಭ, ಈ ಸಣ್ಣ ತುಣುಕುಗಳೇ ಜರಡಿಯಿಂದಲೂ ತಪ್ಪಿಸಿಕೊಂಡು ಹೊಲ ಸೇರುತ್ತವೆ ಎಂದು ಅವರು ಹೇಳಿದರು. ಪಾಕೀಟಿನ ಮೂಲೆಯನ್ನು ಪೂರ್ತಿ ಕತ್ತರಿಸದೆ, ತುಣುಕು ಪಾಕೀಟಿಗೇ ಅಂಟಿಕೊಂಡಿರುವಂತೆ ಸೀಳಿದರೆ ಆ ಇಬ್ಬರ ಕೆಲಸ ಎಷ್ಟೋ ಹಗುರವಾಗುತ್ತದೆ. ನಮ್ಮ ಕಟ್ಟಡದ ಸೂಚನಾಫಲಕದ ಮೇಲೆ ಇದನ್ನು ನಾಳೆಯೇ ಬರೆದು ಹಚ್ಚಬೇಕು. ಹಸಿ ಕಸವನ್ನೂ ಒಣ ಕಸವನ್ನೂ ಬೇರೆ ಬೇರೆ ಮಾಡಿ ಕೊಡುವುದು ಘನತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಕಸ ಹುಟ್ಟಿಸುವ ಪ್ರತಿಯೊಬ್ಬರ ಕರ್ತವ್ಯ. ಆ ಕರ್ತವ್ಯವನ್ನು ನಾವು ಬಿಟ್ಟುಬಿಟ್ಟರೆ ಅದನ್ನು ಇನ್ನೊಬ್ಬರ ಕೈಗಳು ಮಾಡಬೇಕಾಗುತ್ತದೆ ಎಂಬುದನ್ನು ಆ ಡಬ್ಬಿಯನ್ನು ಕಂಡವರು ಮರೆಯಲಾರರು.

ಆರಿಸಿದ ಕಸದ ಪಕ್ಕದಲ್ಲಿಯೇ, ತಾಡಪತ್ರಿಯ ಕೆಳಗೆ, ಆಳೆತ್ತರಕ್ಕೆ ಒಟ್ಟಿದ್ದ ಕಬ್ಬಿನ ರವದಿಯ, ಅಂದರೆ ಒಣಗಿದ ಗರಿಗಳ, ಪೆಂಡಿಗಳು ಕಂಡವು. ಇಡೀ ಅಂಗಳದ ಜೀವಾಳ ಅದೇ ಎಂಬುದು ನನಗೆ ಮನವರಿಕೆಯಾದದ್ದು ಇಂದು. ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ ಇಪ್ಪತ್ತೈದರಿಂದ ಮೂವತ್ತು ಪಾಲು ಇಂಗಾಲ ಬೇಕು. ಅಡುಗೆಮನೆಯ ಹಸಿ ಕಸದಲ್ಲಿ ಈ ಪ್ರಮಾಣ ಸಾಮಾನ್ಯವಾಗಿ ಹದಿನೈದು–ಇಪ್ಪತ್ತರಷ್ಟೇ ಇರುತ್ತದೆ. ಒಣಗಿದ ರವದಿಯಲ್ಲಿ ನೂರರ ಸುತ್ತಮುತ್ತ ಇರುತ್ತದೆ. ಹಸಿ ಕಸವನ್ನು ಮಾತ್ರ ರಾಶಿ ಹಾಕಿದರೆ ಹೆಚ್ಚಾದ ಸಾರಜನಕವು ಅಮೋನಿಯವಾಗಿ ಹಾರಿ ಮೂಗಿಗೆ ರಾಚುತ್ತದೆ. ರವದಿಯನ್ನು ಮಾತ್ರ ಬಿಟ್ಟರೆ ಅದು ತಿಂಗಳುಗಟ್ಟಲೆ ಹಾಗೆಯೇ ಬಿದ್ದಿರುತ್ತದೆ. ಎರಡನ್ನೂ ಕೂಡಿಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಆದರೆ ಇಂಗಾಲಕ್ಕಿಂತಲೂ ರವದಿಯನ್ನು ಹೆಚ್ಚು ಬೇಡುವುದು ನೀರು. ನೂರು ಕಿಲೋ ಹಸಿ ಕಸದಲ್ಲಿ ಸುಮಾರು ಎಂಬತ್ತು ಕಿಲೋ ನೀರೇ ಇರುತ್ತದೆ, ರಾಶಿಯ ತೇವ ಮಾತ್ರ ನೂರಕ್ಕೆ ಅರವತ್ತನ್ನು ಮೀರಬಾರದು. ಮೀರಿದರೆ ಕಣಗಳ ನಡುವಿನ ಸಂದುಗಳಲ್ಲಿ ನೀರು ತುಂಬಿ, ಗಾಳಿಗೆ ದಾರಿಯಿಲ್ಲದಂತಾಗಿ ರಾಶಿ ಕೊಳೆಯಲು ತೊಡಗುತ್ತದೆ. ಹೀಗಾಗಿ ನೂರು ಕಿಲೋ ಕಸಕ್ಕೆ ಮೂವತ್ತಕ್ಕೂ ಮಿಕ್ಕಿ ಕಿಲೋ ಒಣ ರವದಿ ಬೇಕಾಗುತ್ತದೆ. ಅಷ್ಟು ಹಾಕಿದಾಗ ಇಂಗಾಲ ತುಸು ಹೆಚ್ಚಾಗುವುದನ್ನು ಸೆಗಣಿಯ ರಾಡಿ ಸಿಂಪಡಿಸಿ ಸರಿದೂಗಿಸುತ್ತಾರೆ.

ರಾಶಿ ಕಟ್ಟುವುದನ್ನು ನಿಂತು ನೋಡಿದೆ. ಮೇವು ಕತ್ತರಿಸುವ ಯಂತ್ರದಲ್ಲಿ ರವದಿಯನ್ನು ಗೇಣುದ್ದಕ್ಕಿಂತ ಚಿಕ್ಕದಾಗಿ ತುಂಡರಿಸಿ, ಮೊದಲು ಅದರದೇ ದಪ್ಪನೆಯ ಹಾಸು, ಅದರ ಮೇಲೆ ಹಸಿ ಕಸ, ಮತ್ತೆ ರವದಿ, ನಡುನಡುವೆ ಹಳೆಯ ಗೊಬ್ಬರದ ಒಂದೊಂದು ಬುಟ್ಟಿ, ಹೀಗೆ ಎದೆಮಟ್ಟಕ್ಕೆ ಏರಿಸುತ್ತಾರೆ. ಕೊನೆಯ ಪದರು ರವದಿಯದೇ ಆಗಿರಬೇಕು, ಇಲ್ಲದಿದ್ದರೆ ನೊಣ ಕೂರುತ್ತದೆ. ಕಳೆದ ವಾರದ ರಾಶಿಯೊಂದಕ್ಕೆ ಉದ್ದನೆಯ ಉಷ್ಣಮಾಪಕದ ಕಡ್ಡಿಯನ್ನು ಚುಚ್ಚಿದಾಗ ಮುಳ್ಳು ನಿಧಾನವಾಗಿ ಏರಿ 62 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಂತಿತು. ಹೊರಗೆ ಜಿಟಿಜಿಟಿ ತಂಪು, ಒಳಗೆ ಕೈಯಿಟ್ಟರೆ ಸುಡುವ ಕಾವು. ಬೆಂಕಿಯ ಸೋಂಕೇ ಇಲ್ಲದೆ ಬರಿಯ ಸೂಕ್ಷ್ಮಜೀವಿಗಳ ಉಸಿರಾಟದಿಂದ ಹುಟ್ಟುವ ಈ ಶಾಖ 55 ಡಿಗ್ರಿಗಿಂತ ಮೇಲೆ ಕೆಲವು ದಿನ ನಿಂತರೆ ರೋಗಾಣುಗಳೂ ಕಳೆಬೀಜಗಳೂ ಬಹುಮಟ್ಟಿಗೆ ಸಾಯುತ್ತವೆ. ಸಲಿಕೆಯಿಂದ ಪಕ್ಕವನ್ನು ಸ್ವಲ್ಪ ಬಿಡಿಸಿದಾಗ ಆವಿ ಎದ್ದಿತು, ರವದಿಯ ತುಂಡುಗಳ ಮೇಲೆ ಬೂದಿ ಎರಚಿದಂತೆ ಬಿಳಿಯ ಪುಡಿ ಕಂಡಿತು. ಅದು ಬೂಷ್ಟೆಂದು ಮೊದಲ ಸಲ ನೋಡುವವರು ಹೇಸುತ್ತಾರೆ. ವಾಸ್ತವದಲ್ಲಿ ಅವು ಆಕ್ಟಿನೋಮೈಸಿಟ್ಸ್ ಎಂಬ ಬ್ಯಾಕ್ಟೀರಿಯಾಗಳು, ಬಿರುಸಾದ ನಾರನ್ನು ಕರಗಿಸುವವು. ಮೊದಲ ಮಳೆಗೆ ನೆಲದಿಂದ ಏಳುವ ಆ ವಾಸನೆಯ ಮೂಲವಾದ ಜಿಯೋಸ್ಮಿನ್ ಎಂಬ ಸಂಯುಕ್ತವನ್ನು ತಯಾರಿಸುವುದೂ ಇದೇ ಬಳಗ. ಪಕ್ವವಾದ ಗೊಬ್ಬರಕ್ಕೆ ಮಣ್ಣಿನ ಪರಿಮಳ ಬರುವುದಕ್ಕೆ ಇದೇ ಕಾರಣ.

ತೇವವನ್ನು ಅವರು ಯಂತ್ರದಿಂದ ಅಳೆಯುವುದಿಲ್ಲ. ಒಂದು ಮುಷ್ಟಿ ತೆಗೆದು ಗಟ್ಟಿಯಾಗಿ ಹಿಂಡುತ್ತಾರೆ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿದರೆ ಸರಿ, ಧಾರೆಯಾದರೆ ರವದಿ ಸೇರಿಸಬೇಕು, ಮುದ್ದೆಯೇ ಕಟ್ಟದಿದ್ದರೆ ನೀರು ಚಿಮುಕಿಸಬೇಕು. ಈ ತಿಂಗಳುಗಳಲ್ಲಿ ನೀರು ಚಿಮುಕಿಸುವ ಪ್ರಸಂಗ ಬರುವುದೇ ಇಲ್ಲವಂತೆ.

ಕಾವು ಇಳಿಯುತ್ತಿದ್ದಂತೆ ರಾಶಿಯನ್ನು ತಿರುವಿ, ಹೊರಗಿನದನ್ನು ಒಳಗೆ ಮಾಡುತ್ತಾರೆ. ತಿರುವುವ ಈ ವಿಧಾನಕ್ಕೆ ಇಂದೋರ್ ಪದ್ಧತಿಯೆಂದು ಹೆಸರು. 1924ರಿಂದ 1931ರವರೆಗೆ ಇಂದೋರಿನಲ್ಲಿ ಕೆಲಸ ಮಾಡಿದ ಬ್ರಿಟಿಷ್ ಕೃಷಿ ವಿಜ್ಞಾನಿ ಆಲ್ಬರ್ಟ್ ಹೋವರ್ಡ್ ಅಲ್ಲಿನ ರೈತರ ಅನುಭವವನ್ನೂ ಸೇರಿಸಿಕೊಂಡು ರೂಪಿಸಿದ್ದು. ನಮ್ಮ ರಾಜಧಾನಿಯ ಹೆಸರನ್ನೇ ಹೊತ್ತ ಇನ್ನೊಂದು ವಿಧಾನವೂ ಇದೆ: 1939ರಲ್ಲಿ ಬೆಂಗಳೂರಿನಲ್ಲಿ ಡಾ. ಸಿ. ಎನ್. ಆಚಾರ್ಯ ಅವರು ಊರಿನ ಕಸವನ್ನು ಗುಂಡಿಯಲ್ಲಿ ಪದರುಪದರಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ, ತಿರುವದೆಯೇ ತಿಂಗಳುಗಟ್ಟಲೆ ಬಿಡುವ ಬೆಂಗಳೂರು ಪದ್ಧತಿಯನ್ನು ಬಳಕೆಗೆ ತಂದರು. ಕೂಲಿ ಉಳಿಯುತ್ತದೆ ಎಂಬುದು ನಿಜ, ಆದರೆ ಇಷ್ಟೊಂದು ಮಳೆ ಸುರಿಯುವ ಬೆಳಗಾವಿಯಲ್ಲಿ ಗುಂಡಿ ಎಂದರೆ ಹೊಂಡವೇ. ನೆಲದ ಮೇಲೆ, ಛಾವಣಿಯ ಕೆಳಗೆ ರಾಶಿ ಹಾಕುವ ಇವರ ನಿರ್ಧಾರ ಈ ಊರಿಗೆ ಒಪ್ಪುವಂಥದ್ದು.

ಹಸಿ ಕಸ ಬೇರೆಯಾಗದೆ ಪ್ಲಾಸ್ಟಿಕ್ಕಿನ ಜೊತೆ ಕಲಸಿ ಎಲ್ಲಿಯೇ ಗುಡ್ಡೆಯಾದರೂ ಅದರೊಳಗೆ ಗಾಳಿಯಿಲ್ಲದೆ ಮೀಥೇನ್ ಹುಟ್ಟುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದು ಭೂಮಿಯನ್ನು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಮಾಡುವ ಅನಿಲ. ಮಳೆ ನೀರು ಅದರಲ್ಲಿ ಇಳಿದು ಕಪ್ಪು ರಸವಾಗಿ ಹೊರಬರುತ್ತದೆ. ಬೆಳಗಾವಿಯ ಕಸ ಹೋಗಿ ಸೇರುವುದು ತುರಮುರಿ ಎಂಬ ಹಳ್ಳಿಗೆ. ನಗರದ ಕಸ ಹೋಗುವ ಪ್ರತಿಯೊಂದು ಊರಿನಲ್ಲಿಯೂ ಬಾವಿ ಇರುತ್ತದೆ, ಹೊಲ ಇರುತ್ತದೆ, ಮಕ್ಕಳಿರುತ್ತಾರೆ. ಕೊಡುವ ಮೊದಲು ಬೇರೆ ಮಾಡುವುದು ಆ ಊರಿನವರಿಗೆ ನಾವು ಸಲ್ಲಿಸಬೇಕಾದ ಕನಿಷ್ಠ ಗೌರವ.

ಇನ್ನು ರವದಿಯ ವಿಷಯ. ಗೋಕಾಕ, ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಚಳಿಗಾಲದ ಸಂಜೆ ಓಡಾಡಿದವರು ಹೊಲಗಳಲ್ಲಿ ಏಳುವ ಉರಿಯನ್ನು ನೋಡಿಯೇ ಇರುತ್ತಾರೆ. ಕಬ್ಬು ಕಡಿದ ಮೇಲೆ ಎಕರೆಗೆ ಮೂರು–ನಾಲ್ಕು ಟನ್ ರವದಿ ನೆಲದ ಮೇಲೆ ಉಳಿಯುತ್ತದೆ, ಅದಕ್ಕೆ ಕಡ್ಡಿ ಗೀರಿದರೆ ಸಾರಜನಕದ ಬಹುಪಾಲು ಹೊಗೆಯಾಗಿ ಹೋಗುತ್ತದೆ. ಇದೇ ಮಾತನ್ನು ಕಬ್ಬು ಬೆಳೆಯುವ ತಮ್ಮನಿಗೆ ಹೇಳಿದಾಗ ಅವನು, "ಅಕ್ಕಾ, ಸುಡಬ್ಯಾಡ ಅನ್ನೋದು ಖರೆ ಐತಿ, ಆದ್ರ ಕುಳಿಗೆ ನೀರ ಬಿಡಬೇಕಂದ್ರ ಬೋದನ್ಯಾಗ ರವದಿ ಅಡ್ಡ ಬರ್ತೈತಿ, ಆರಿಸಾಕ ಆಳ ಎಲ್ಲಿ ಸಿಗತಾವು?" ಎಂದ. ಕಡಿದ ಬುಡದಿಂದ ಮತ್ತೆ ಚಿಗುರುವ ಕುಳಿ ಕಬ್ಬಿಗೆ ನೀರು ಹಾಯಿಸಬೇಕಾದ ಅವನ ಕಷ್ಟ ಸುಳ್ಳಲ್ಲ. ಸಾಲು ಬಿಟ್ಟು ಸಾಲಿಗೆ ರವದಿ ಹೊದಿಸಿ ಹೊಲದಲ್ಲಿಯೇ ಕೊಳೆಯಿಸುವುದು ಎಲ್ಲಕ್ಕಿಂತ ಉತ್ತಮವಾದ ದಾರಿ, ಅದು ಅವನ ಮಣ್ಣಿಗೇ ಸೇರಬೇಕಾದದ್ದು. ಆದರೆ ಹೇಗೂ ಸುಟ್ಟುಬಿಡುವವರ ರವದಿಯನ್ನಾದರೂ ಪೆಂಡಿ ಕಟ್ಟಿ ತಂದರೆ ಅಲ್ಲಿಯ ಹೊಗೆಯೂ ಇಲ್ಲಿಯ ಕೊಳೆತವೂ ಒಟ್ಟಿಗೇ ತಪ್ಪುತ್ತವೆ. ಒಂದೇ ಜಿಲ್ಲೆಯ ಒಂದು ತುದಿಯಲ್ಲಿ ಒಣದ್ದು ಉರಿಯುತ್ತಿದೆ, ಇನ್ನೊಂದು ತುದಿಯಲ್ಲಿ ಹಸಿಯದು ನಾರುತ್ತಿದೆ. ಇವೆರಡನ್ನೂ ಒಂದೆಡೆ ತಂದ ಈ ಹುಡುಗರ ಬುದ್ಧಿಗೆ ನಾನು ಮನಸಾರೆ ತಲೆಬಾಗುತ್ತೇನೆ.

ಸಿದ್ಧವಾದ ಗೊಬ್ಬರ ಎರಡನೆಯ ಶೆಡ್ಡಿನಲ್ಲಿತ್ತು. ಜರಡಿ ಹಿಡಿದಾಗ ಮೇಲೆ ಉಳಿಯುವ ಗೊರಟೆ, ತೆಂಗಿನ ನಾರು ಹೊಸ ರಾಶಿಗೆ ಮರಳುತ್ತವೆ. ಪಕ್ವವಾಗಿದೆಯೇ ಎಂದು ತಿಳಿಯಲು ಒಂದು ಹಿಡಿಯನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕೆಲವು ದಿನ ಬಿಟ್ಟು ಮೂಸಿ ನೋಡುತ್ತಾರೆ, ಹುಳಿ ವಾಸನೆ ಬಂದರೆ ಇನ್ನೂ ಕಾಯುತ್ತಾರೆ. ಇದನ್ನು ಯೂರಿಯಾಕ್ಕೆ ಬದಲಿಯೆಂದು ಮಾರುವುದನ್ನು ನಾನು ಒಪ್ಪುವುದಿಲ್ಲ. ಯೂರಿಯಾದಲ್ಲಿ ನೂರಕ್ಕೆ 46ರಷ್ಟು ಸಾರಜನಕವಿದ್ದರೆ, ಇಂಥ ಗೊಬ್ಬರದಲ್ಲಿ ಒಂದು–ಒಂದೂವರೆಯಷ್ಟೇ ಇರುತ್ತದೆ. ಇದರ ನಿಜವಾದ ಬೆಲೆ ಇರುವುದು ಇಂಗಾಲದಲ್ಲಿ. ಮಣ್ಣು ಪರೀಕ್ಷೆಯ ಅಳತೆಯಲ್ಲಿ ಸಾವಯವ ಇಂಗಾಲ ನೂರಕ್ಕೆ 0.5ಕ್ಕಿಂತ ಕೆಳಗಿದ್ದರೆ ಅದನ್ನು ಕಡಿಮೆ ಎನ್ನುತ್ತಾರೆ, ತಮ್ಮನ ಹೊಲದ ಮಣ್ಣು ಆರೋಗ್ಯ ಚೀಟಿಯಲ್ಲಿ ಇರುವುದೂ ಅದೇ ಶಬ್ದ. ನೀರು ಹಿಡಿದಿಡುವ, ಎರೆಹುಳುವಿಗೆ ನೆಲೆಯಾಗುವ ಗುಣ ಚೀಲದ ರಾಸಾಯನಿಕ ಗೊಬ್ಬರದಿಂದ ಬರುವುದಿಲ್ಲ. ಅಂಗಳದ ಪಕ್ಕದ ಹೊಲದವರು ಈ ಗೊಬ್ಬರವನ್ನು ಕೋಸಿನ ಮಡಿಗಳಿಗೆ ಹಾಕಿದ್ದಾರೆ. ಬೆಳಗಾವಿಯ ತರಕಾರಿ ಚೋರ್ಲಾ ಘಾಟ್ ಇಳಿದು ಗೋವೆಗೂ ಹೋಗುತ್ತದೆಯಲ್ಲ, ಆ ತರಕಾರಿಯೊಂದಿಗೆ ಪ್ರತಿದಿನ ಈ ನೆಲದ ಸಾರವೂ ಹೋಗುತ್ತದೆ. ಸಿಪ್ಪೆ ಮತ್ತು ತೊಟ್ಟುಗಳಲ್ಲಿ ಉಳಿದ ಪಾಲಾದರೂ ತಿರುಗಿ ಬರಲಿ.

ಹೊರಡುವ ಮುನ್ನ ನಮ್ಮ ಎದುರಿನ ಕಟ್ಟಡದವರೂ ಸೇರಲು ಬಯಸಿರುವುದನ್ನು ತಿಳಿಸಿದೆ. ಸದ್ಯಕ್ಕೆ ಹೊಸ ಮನೆಗಳನ್ನು ತೆಗೆದುಕೊಳ್ಳುತ್ತಿಲ್ಲ ಎಂದರು. ಜಾಗವಿದೆ, ಆಟೋದಲ್ಲಿಯೂ ಸ್ಥಳವಿದೆ, ತಾಡಪತ್ರಿಯ ಕೆಳಗಿರುವ ರವದಿ ಮಾತ್ರ ಮುಂದಿನ ಹಂಗಾಮಿನವರೆಗೆ ಈಗಿನ ಮನೆಗಳಿಗಷ್ಟೇ ಸಾಲುತ್ತದೆ. ರವದಿಯಿಲ್ಲದೆ ಬಕೀಟು ಹೆಚ್ಚಿಸಿದರೆ ರಾಶಿಗಳು ನಾರತೊಡಗುತ್ತವೆ, ಸುತ್ತಲಿನ ಹೊಲದವರು ಒಮ್ಮೆ ಬೇಸರಪಟ್ಟರೆ ಮತ್ತೆ ಒಪ್ಪಿಸುವುದು ಕಷ್ಟ. ಬೇಡವೆನ್ನುವ ಈ ಧೈರ್ಯದಿಂದಲೇ ಅವರ ಮೇಲಿನ ನನ್ನ ವಿಶ್ವಾಸ ಹೆಚ್ಚಿತು. ಮನೆಗೆ ಬಂದು ತಮ್ಮನಿಗೆ ಫೋನ್ ಮಾಡಿದೆ. ಕಾರ್ಖಾನೆಗಳು ನುರಿಸಲು ಆರಂಭಿಸಿ ಅವನ ಕಬ್ಬಿಗೆ ಕಟಾವಿನ ಸರದಿ ಬಂದಾಗ, ಹೊದಿಕೆಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದ ರವದಿಯನ್ನು ಸುಡದೆ ಕಾಯ್ದಿರಿಸಲು ಒಪ್ಪಿದ್ದಾನೆ. ಪೆಂಡಿ ಕಟ್ಟುವ ಯಂತ್ರದ ಬಾಡಿಗೆಯನ್ನು ಯಾರು ಕೊಡಬೇಕೆಂಬುದನ್ನು ಅವನೂ ಅಂಗಳದವರೂ ದಸರೆಯೊಳಗೆ ಕುಳಿತು ಮಾತನಾಡಿ ತೀರ್ಮಾನಿಸುತ್ತಾರೆ.