ಕೆಳಗೆ ಸಂತೆ, ಮೇಲೆ ಸಭೆ

ಅಮ್ಮ ಲಂಡನ್ನಿಗೆ ಬಂದಾಗ ಒಂದು ದಿನ ವಿಂಡ್ಸರ್‌ಗೆ ಕರೆದುಕೊಂಡು ಹೋಗಿದ್ದೆ. ಹೊರಟಿದ್ದು ಅಲ್ಲಿನ ರಾಜಮನೆತನದ ಕೋಟೆ ನೋಡೋದಕ್ಕೆ. ವಾಟರ್‌ಲೂನಲ್ಲಿ ಹತ್ತಿದ ರೈಲಿನಿಂದ ಇಳಿದು ಏರು ದಾರಿ ಹತ್ತುವಷ್ಟರಲ್ಲಿ ಮಳೆ ಹಿಡಿಯಿತು. ಹೈ ಸ್ಟ್ರೀಟಿನ ಒಂದು ಹಳೇ ಕಟ್ಟಡದ ಕೆಳಗೆ, ಕಂಬಗಳ ನಡುವೆ ನಿಂತುಕೊಂಡೆವು. ಅದು ಆ ಊರಿನ ಪುರಭವನ. ಅಲ್ಲಿಯವರು ಗಿಲ್ಡ್‌ಹಾಲ್ ಅಂತಾರೆ.

ಸುಮ್ನೆ ಮೇಲೆ ನೋಡುತ್ತಿದ್ದ ಅಮ್ಮ ನನ್ನ ತೋಳು ಹಿಡಿದರು. "ಲೋ, ಆ ಕಂಬ ಮೇಲಕ್ಕೆ ತಾಗೇ ಇಲ್ಲ ನೋಡೋ!"

ನಿಜ. ನಡುವಿನ ಕಂಬಗಳ ತಲೆಗೂ ಚಾವಣಿಗೂ ಮಧ್ಯೆ ಸಣ್ಣ ಸಂದು. ಬೆರಳು ತೂರಬಹುದೇನೋ, ಅಷ್ಟೇ. ಅಮ್ಮ ತೊಟ್ಟಿಮನೆಯಲ್ಲಿ ಬೆಳೆದವರು. ಕಂಬ ಅಂದರೆ ತೊಲೆ ಹೊರಲೇಬೇಕು ಅವರ ಲೆಕ್ಕದಲ್ಲಿ. ನಾನಾಗಿದ್ದರೆ ಗಮನಿಸುತ್ತಲೇ ಇರಲಿಲ್ಲ.

ಕಟ್ಟಡದಲ್ಲೇ ಒಂದು ಪುಟ್ಟ ಮ್ಯೂಸಿಯಂ ಇದೆ. ಒಳಗೆ ಹೋಗಿ ಕೇಳಿದೆವು. 1687ರಲ್ಲಿ ಕೆಲಸ ಶುರು ಮಾಡಿದ್ದು ಸರ್ ಥಾಮಸ್ ಫಿಟ್ಜ್. ಅವರು ಅರ್ಧದಲ್ಲೇ ತೀರಿಕೊಂಡರು. ಮುಗಿಸಿದ್ದು ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚ್ ಕಟ್ಟುತ್ತಿದ್ದ ಅದೇ ರೆನ್. ಅವರ ತಂದೆ ವಿಂಡ್ಸರ್‌ನಲ್ಲಿ ಡೀನ್, ಅಂದರೆ ಹಿರಿಯ ಪಾದ್ರಿ ಆಗಿದ್ದವರು, ಹಾಗಾಗಿ ಊರು ಹೊಸದಲ್ಲ.

ಕಂಬದ ಬಗ್ಗೆ ಊರವರು ಹೇಳುವ ಕಥೆ ಇದು. ಮೇಲಿನ ಸಭಾಂಗಣ ಕುಸಿದೀತು ಅಂತ ಪುರಸಭೆಯವರಿಗೆ ಹೆದರಿಕೆ. ನಡುವೆಯೂ ಕಂಬ ಬೇಕೇಬೇಕು ಅಂತ ಹಟ ಹಿಡಿದರಂತೆ. ರೆನ್ ಕಂಬ ನಿಲ್ಲಿಸಿದರು, ಆದರೆ ಬೇಕಂತಲೇ ಗಿಡ್ಡ ಮಾಡಿದರು. ಆ ಕಾಲದ ದಾಖಲೆ ಯಾವುದೂ ಇದನ್ನು ಹೇಳುವುದಿಲ್ಲ. ಸಂದು ಮಾತ್ರ ಕಣ್ಣೆದುರೇ ಇದೆ.

ಆದರೆ ನನ್ನ ಮನಸ್ಸು ಹಿಡಿದದ್ದು ಬೇರೆ. ನಾವು ಮಳೆಗೆ ನಿಂತಿದ್ದ ಜಾಗ ಹಿಂದೆ ಧಾನ್ಯದ ಸಂತೆಯಂತೆ. ಅದಕ್ಕೇ ಕೆಳಗೆ ಗೋಡೆ ಕಟ್ಟದೆ ತೆರೆದಿಟ್ಟಿದ್ದರು. ಕೆಳಗೆ ವ್ಯಾಪಾರ, ಮೇಲೆ ಊರಿನ ತೀರ್ಮಾನ. ಅಮ್ಮನಿಗೆ ಹೇಳಿದರೆ, "ಹಾಗಾದರೆ ಮೇಲೆ ಕೂತವರಿಗೆ ಕೆಳಗಿನವರ ಮಾತು ಕೇಳಿಸ್ತಿತ್ತು ಅಲ್ವಾ" ಅಂದರು. ಊರಿನ ಕಟ್ಟಡ ಹೀಗೇ ಇರಬೇಕು ಅನ್ನಿಸಿತು ನನಗೆ.

2005ರ ಏಪ್ರಿಲ್ 9ರಂದು, ಆಗಿನ್ನೂ ರಾಜಕುಮಾರರಾಗಿದ್ದ ಚಾರ್ಲ್ಸ್ ಮತ್ತು ಕ್ಯಾಮಿಲ್ಲಾ ಮದುವೆಯಾಗಿದ್ದೂ ಇಲ್ಲೇ. ಮೊದಲು ಕೋಟೆಯಲ್ಲೇ ಅಂತ ಗೊತ್ತು ಮಾಡಿದ್ದರು. ಕೋಟೆಗೆ ಮದುವೆ ನಡೆಸುವ ಲೈಸೆನ್ಸ್ ಪಡೆದರೆ ಬೇರೆಯವರ ಮದುವೆಗೂ ಅಲ್ಲಿ ಜಾಗ ಕೊಡಬೇಕಿತ್ತು. ಹಾಗಾಗಿ ರಾಜಕುಮಾರ ಗುಡ್ಡ ಇಳಿದು ಊರವರ ಕಟ್ಟಡಕ್ಕೆ ಬಂದರು. ಈ ಸಂಗತಿ ಅಮ್ಮನಿಗೆ ತುಂಬಾ ಹಿಡಿಸಿತು. ಎರಡು ಸಲ ಹೇಳಿಸಿಕೊಂಡರು.

ಹೊರಗೆ ಬಂದಾಗ ಮಳೆ ನಿಂತಿತ್ತು. ಕೋಟೆ ಕಡೆ ಜನ ಹೊರಟಿದ್ದರು. ಅಮ್ಮ ಮಾತ್ರ ಮತ್ತೆ ಆ ನಡುಗಂಬದ ಹತ್ತಿರ ಹೋಗಿ, ತಣ್ಣನೆಯ ಕಲ್ಲಿನ ಮೇಲೆ ಅಂಗೈ ಊರಿ, ಕತ್ತು ಎತ್ತಿ ಸಂದನ್ನೇ ನೋಡುತ್ತಾ ನಿಂತರು.

"ಮುನ್ನೂರು ವರ್ಷದಿಂದ ಸುಮ್ನೆ ನಿಂತಿದೆ ಪಾಪ" ಅಂದರು.