ವ್ಯಾಲಿ ಫೋರ್ಜ್ ಮಾದರಿ: ಹಿಮದಿಂದ ಕೆಸರಿಗೆ

ಮೊದಲ ವಾರ

ಅಡಿಪಾಯ ಸಿದ್ಧವಾಯಿತು. 60 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ಪ್ಲೈವುಡ್; ಅದರ ಮೇಲೆ ಇಳಿಜಾರು ಬರಲೆಂದು ಥರ್ಮಾಕೋಲ್ ಕೊರೆದು ಅಂಟಿಸಿದ್ದೇನೆ.

ಹೋದ ವರ್ಷ ಶ್ರೀರಂಗಪಟ್ಟಣದ 1792ರ ಮುತ್ತಿಗೆಯ ಮಾದರಿ ಮಾಡಿದ್ದೆ. ಟಿಪ್ಪುವಿನಿಂದ ಅರ್ಧ ರಾಜ್ಯವನ್ನು ಕಿತ್ತುಕೊಂಡು, ಅವನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದ ಕಾರ್ನ್‌ವಾಲಿಸ್‌ನೇ 1781ರಲ್ಲಿ ಅಮೆರಿಕದ ಯಾರ್ಕ್‌ಟೌನಿನಲ್ಲಿ ತನ್ನ ಇಡೀ ಸೈನ್ಯವನ್ನು ಒಪ್ಪಿಸಿ ಸೋತಿದ್ದ. ಬ್ರಿಟಿಷರಿಂದ ಸ್ವಾತಂತ್ರ್ಯ ಬೇಕೆಂದು ಬಂಡೆದ್ದು, ಅವನನ್ನು ಮಣಿಸಿದ ಆ ಅಮೆರಿಕನ್ನರ ಸೈನ್ಯ ಎಂಥದ್ದು ಎಂಬ ಪ್ರಶ್ನೆ ಆಗಿನಿಂದ ನನ್ನನ್ನು ಬಿಟ್ಟಿರಲಿಲ್ಲ. ಗೆದ್ದ ದಿನವನ್ನು ಎಲ್ಲರೂ ಮಾಡುತ್ತಾರೆ. ಆ ಸೈನ್ಯ ಹೆಚ್ಚುಕಡಿಮೆ ಚದುರಿಹೋಗಲಿದ್ದ ಚಳಿಗಾಲವನ್ನು ಮಾಡುವುದೆಂದು ತೀರ್ಮಾನಿಸಿದೆ.

1777ರ ಸೆಪ್ಟೆಂಬರ್‌ನಲ್ಲಿ ಬ್ರಾಂಡಿವೈನ್, ಅಕ್ಟೋಬರ್‌ನಲ್ಲಿ ಜರ್ಮನ್‌ಟೌನ್, ಎರಡೂ ಕಡೆ ಆ ಸೈನ್ಯದ ದಂಡನಾಯಕ ಜಾರ್ಜ್ ವಾಷಿಂಗ್ಟನ್ ಸೋತ. ಇವೆರಡರ ನಡುವೆ ಫಿಲಡೆಲ್ಫಿಯಾ ಬ್ರಿಟಿಷರ ಕೈಸೇರಿತು. ನಗರದೊಳಕ್ಕೆ ಮೊದಲು ಪಡೆ ನಡೆಸಿದವನು ಇದೇ ಕಾರ್ನ್‌ವಾಲಿಸ್. ಡಿಸೆಂಬರ್ 19ರಂದು, ಅಲ್ಲಿಂದ ಸುಮಾರು 30 ಕಿ.ಮೀ. ದೂರದ ವ್ಯಾಲಿ ಫೋರ್ಜ್‌ನಲ್ಲಿ ಹನ್ನೆರಡು ಸಾವಿರದಷ್ಟು ಜನ ಬೀಡು ಬಿಟ್ಟರು. ಇರಲು ಒಂದು ಸೂರೂ ಇರಲಿಲ್ಲ.

ಮೂರನೆಯ ವಾರ

ಗುಡಿಸಲಿನ ಕೆಲಸದಲ್ಲೇ ಎರಡು ವಾರ ಕಳೆದವು. ವಾಷಿಂಗ್ಟನ್ ಹೊರಡಿಸಿದ ಆಜ್ಞೆಯಲ್ಲಿ ಅಳತೆಗಳು ಸ್ಪಷ್ಟವಾಗಿವೆ: 14 ಅಡಿಗೆ 16 ಅಡಿ, ಗೋಡೆ ಆರೂವರೆ ಅಡಿ ಎತ್ತರ, ಒಂದರಲ್ಲಿ ಹನ್ನೆರಡು ಸೈನಿಕರು, ಬಾಗಿಲು ಬೀದಿಯ ಕಡೆಗೆ, ಒಲೆ ಹಿಂಬದಿಯಲ್ಲಿ. ನಾನು ಹಿಡಿದಿರುವುದು 1:72 ಅಳತೆ. ಹಾಗಾಗಿ ಒಂದು ಗುಡಿಸಲು 59 ಮಿ.ಮೀ.ಗೆ 68 ಮಿ.ಮೀ. ಆಗುತ್ತದೆ, ಗೋಡೆಯ ಎತ್ತರ 27.5 ಮಿ.ಮೀ. ಹನ್ನೆರಡು ಜನರ ಆರು ತಿಂಗಳ ಬದುಕು ನನ್ನ ಅಂಗೈಯಲ್ಲಿ ಕೂರುತ್ತದೆ.

ಮರದ ದಿಮ್ಮಿಗಳಿಗೆ ಮೊದಲು ತೆಂಗಿನ ಗರಿಯ ಕಡ್ಡಿ ಹಿಡಿದೆ. ಅವು ತುದಿಗೆ ಹೋದಂತೆ ಸಣ್ಣಗಾಗುತ್ತವೆ, ತೊಗಟೆಯೂ ಇಲ್ಲ. ಅಮ್ಮ ನೋಡಿ, "ತೊಗರಿ ಕಡ್ಡಿ ತಂದುಕೊಳ್ಳಬಾರದೇನಪ್ಪಾ?" ಎಂದರು. ಊರಿನಿಂದ ಒಂದು ಹೊರೆ ತರಿಸಿದೆ. ಮೂರು ಮಿ.ಮೀ. ದಪ್ಪದ ಸಣ್ಣ ಕೊಂಬೆಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಮೂಲೆಗಳಲ್ಲಿ ಕಚ್ಚು ಹಾಕಿ ಒಂದರ ಮೇಲೊಂದು ಕೂರಿಸುತ್ತಿದ್ದೇನೆ. ಅವರೂ ಹಾಗೆಯೇ ಕಟ್ಟಿದ್ದರು. ಸಂದುಗಳಿಗೆ ಹುತ್ತದ ಮಣ್ಣನ್ನು ಜರಡಿ ಹಿಡಿದು, ಅಂಟು ಬೆರೆಸಿ, ಹಲ್ಲುಕಡ್ಡಿಯಿಂದ ಮೆತ್ತಿದೆ. ಒಂದು ಗುಡಿಸಲಿಗೆ ನಾಲ್ಕು ಸಂಜೆ ಹಿಡಿಯಿತು.

ಸೂರು ಅವರಿಗೂ ದೊಡ್ಡ ತಲೆನೋವಾಗಿತ್ತು. ಹಲಗೆ ಸಿಗುತ್ತಿರಲಿಲ್ಲ. ಹಲಗೆಗೆ ಬದಲಾಗಿ ಅಗ್ಗದ, ಬೇಗ ಹೊದಿಸಬಹುದಾದ ಉಪಾಯ ಹೇಳಿದವರಿಗೆ ನೂರು ಡಾಲರ್ ಬಹುಮಾನವೆಂದು ವಾಷಿಂಗ್ಟನ್ ಸಾರಿದ. ಪ್ರತಿ ರೆಜಿಮೆಂಟಿನಲ್ಲಿ ಎಲ್ಲರಿಗಿಂತ ಬೇಗ, ಚೆನ್ನಾಗಿ ಗುಡಿಸಲು ಕಟ್ಟಿದ ತಂಡಕ್ಕೆ ಹನ್ನೆರಡು ಡಾಲರ್. ಆಜ್ಞೆಯಲ್ಲಿ ಒಂದೇ ಅಳತೆ ಇದ್ದರೂ, ಉತ್ಖನನದಲ್ಲಿ ಸಿಕ್ಕ ನೆಲೆಗಳು ಒಂದರಂತೆ ಒಂದಿಲ್ಲ. ಆದ್ದರಿಂದ ಎರಡನೆಯ ಗುಡಿಸಲನ್ನು ಬೇಕೆಂದೇ ಸ್ವಲ್ಪ ಸೊಟ್ಟಗೆ ಕಟ್ಟುತ್ತಿದ್ದೇನೆ.

ಐದನೆಯ ವಾರ

ಸೈನಿಕರ ಗೊಂಬೆಗಳು ಬಂದವು: ಇಪ್ಪತ್ನಾಲ್ಕು ಪ್ಲಾಸ್ಟಿಕ್ ಆಳುಗಳು, ಎಲ್ಲರಿಗೂ ಗರಿಗರಿ ಕೋಟು, ಹೊಳೆಯುವ ಬೂಟು. ಡಿಸೆಂಬರ್ 23ರಂದು ವಾಷಿಂಗ್ಟನ್ ಬಂಡಾಯಗಾರರ ಆಡಳಿತ ಸಭೆಯಾದ ಕಾಂಗ್ರೆಸ್ಸಿಗೆ ಬರೆದ ಪತ್ರದಲ್ಲಿ, ಕಾಲಿಗೆ ಜೋಡಿಲ್ಲದೆ, ಮೈಗೆ ಬಟ್ಟೆಯಿಲ್ಲದೆ ಕರ್ತವ್ಯಕ್ಕೆ ನಿಲ್ಲಲಾಗದವರ ಸಂಖ್ಯೆ 2,898 ಎಂದಿದೆ. ಬ್ಲೇಡಿನಿಂದ ಬೂಟುಗಳನ್ನು ಕೆತ್ತಿ ತೆಗೆದೆ. ಒಂದೊಂದು ಪಾದವೂ ಮೂರು ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ಏಳು ಆಳುಗಳಾಗುವಷ್ಟರಲ್ಲಿ ಕಣ್ಣು ಉರಿಯತೊಡಗಿತು. ಆ ಸಂಖ್ಯೆಯನ್ನು ಓದಿದಾಗ ಆಗದ ಸಂಕಟ, ಅದನ್ನು ಕೆತ್ತುವಾಗ ಆಯಿತು.

ಒಲೆಯ ಬಳಿ ಕೂತವನ ಮುಂದೆ ಕಲ್ಲಿನ ಮೇಲೆ ಹಿಟ್ಟಿನ ಬಿಲ್ಲೆ ಇಟ್ಟಿದ್ದೇನೆ. ಬರೀ ಹಿಟ್ಟು, ನೀರು. ಅದನ್ನು 'ಬೆಂಕಿ ಕೇಕು' ಎನ್ನುತ್ತಿದ್ದರು. ನೋವಿನ ಸಂಗತಿಯೆಂದರೆ ಆ ಸೀಮೆಯೇನೂ ಬರಡಾಗಿರಲಿಲ್ಲ. ಸುತ್ತಲಿನ ಅನೇಕ ರೈತರು ಫಿಲಡೆಲ್ಫಿಯಾದ ಬ್ರಿಟಿಷರಿಗೆ ಧಾನ್ಯ, ದನ ಮಾರುತ್ತಿದ್ದರು, ಏಕೆಂದರೆ ಅಲ್ಲಿ ಕೈಗೆ ಬೆಳ್ಳಿ, ಚಿನ್ನದ ನಾಣ್ಯ ಸಿಗುತ್ತಿತ್ತು. ಬಂಡಾಯದ ಕಾಂಗ್ರೆಸ್ಸಿನ ಕಾಗದದ ನೋಟಿಗೆ ದಿನದಿನವೂ ಬೆಲೆ ಇಳಿಯುತ್ತಿತ್ತು. ಕೊಂಡ ಸರಕನ್ನು ಸಾಗಿಸಲು ಗಾಡಿಗಳಿರಲಿಲ್ಲ, ಪಾಳೆಯದಲ್ಲಿ ಕುದುರೆಗಳು ಮೇವಿಲ್ಲದೆ ನೂರುಗಟ್ಟಲೆ ಸತ್ತವು. 1778ರ ಮಾರ್ಚ್‌ನಲ್ಲಿ ನಥಾನಿಯೆಲ್ ಗ್ರೀನ್ ಸರಬರಾಜಿನ ಹೊಣೆ ಹೊತ್ತ ಮೇಲೆ ಪರಿಸ್ಥಿತಿ ಸುಧಾರಿಸಿತು. ಯುದ್ಧದ ಮಾದರಿ ಮಾಡುವ ನಾವೆಲ್ಲರೂ ಫಿರಂಗಿಗೆ ಕೊಡುವ ಗಮನವನ್ನು ಎತ್ತಿನ ಗಾಡಿಗೂ ಕೊಡಬೇಕು ಎಂದು ಈಗ ನನಗೆ ಗಟ್ಟಿಯಾಗಿ ಅನ್ನಿಸಿದೆ.

ಆರನೆಯ ವಾರ

ಹಿಮಕ್ಕೆ ಅಡುಗೆ ಸೋಡಾ ಬಳಸಿ ನೋಡಿದೆ. ಹಳದಿಗೆ ತಿರುಗಿತು. ಬೇರೆ ದಾರಿ ಹುಡುಕುತ್ತಿರುವಾಗಲೇ ಇಡೀ ಯೋಜನೆ ತಲೆಕೆಳಗಾಯಿತು.

ಈ ಪಾಳೆಯದಲ್ಲಿ ಸುಮಾರು ಎರಡು ಸಾವಿರ ಜನ ಸತ್ತರು. ಚಳಿಯಲ್ಲಿ ಮರಗಟ್ಟಿ ಸತ್ತರೆಂದೇ ನಾನು ತಿಳಿದಿದ್ದೆ. ಬಹುಪಾಲು ಜನರನ್ನು ಕೊಂದದ್ದು ಟೈಫಸ್, ವಿಷಮಶೀತ ಜ್ವರ, ಆಮಶಂಕೆ. ಸಾವುಗಳು ಹೆಚ್ಚಿದ್ದು ಮಾರ್ಚ್‌ನಿಂದ ಈಚೆಗೆ, ಬಿಸಿಲು ಏರಿದ ತಿಂಗಳುಗಳಲ್ಲಿ. ಆ ವರ್ಷದ ಚಳಿಯೂ ಅಂಥ ಭೀಕರವಾಗಿರಲಿಲ್ಲ. ಎರಡು ವರ್ಷಗಳ ಬಳಿಕ ಮೊರಿಸ್‌ಟೌನಿನಲ್ಲಿ ಕಂಡದ್ದು ಅದಕ್ಕಿಂತ ಘೋರ. ಇಲ್ಲಿ ನೆಲ ಹೆಪ್ಪುಗಟ್ಟುವುದು, ಕರಗುವುದು, ಮತ್ತೆ ಹೆಪ್ಪುಗಟ್ಟುವುದು. ಎಲ್ಲೆಲ್ಲೂ ಕೆಸರು.

ಹಿಮ ಬೇಡ. ನನ್ನ ಮಾದರಿ ಇನ್ನು ಮೇ ತಿಂಗಳ ಕೊನೆಯದು. ಕೆಮ್ಮಣ್ಣಿಗೆ ಕಾಫಿ ಚರಟ ಬೆರೆಸಿ ನೆಲ ಮಾಡಿದೆ. ಒದ್ದೆ ಕಾಣಲೆಂದು ಗಾಡಿಯ ಜಾಡುಗಳಲ್ಲಿ ವಾರ್ನಿಷ್ ಬಿಟ್ಟೆ.

ಎಂಟನೆಯ ವಾರ

ಮೇ 27ರ ಆಜ್ಞೆ: ಗುಡಿಸಲುಗಳಿಗೆ ಗಾಳಿಯಾಡಲು ಸಂದುಗಳ ಮಣ್ಣನ್ನು ತೆಗೆದುಹಾಕಿ, ಒಳಗೆ ದಿನವೂ ಸ್ವಲ್ಪ ಕೋವಿ ಮದ್ದಿನ ಪುಡಿಯನ್ನೋ ಟಾರನ್ನೋ ಸುಡಿ. ಎರಡೂ ಗುಡಿಸಲುಗಳಿಗೆ ಅಷ್ಟು ಜತನದಿಂದ ಮೆತ್ತಿದ್ದ ಹುತ್ತದ ಮಣ್ಣನ್ನು ಸೂಜಿಯಿಂದ ಕೆರೆದು ತೆಗೆದೆ. ಮೂರು ಸಂಜೆ. ಅಲ್ಲಲ್ಲಿ ಉಳಿದ ಮಣ್ಣಿನ ಕಲೆಯನ್ನು ಹಾಗೆಯೇ ಬಿಟ್ಟಿದ್ದೇನೆ. ಉದುರಿದ್ದನ್ನು ಗೋಡೆಯ ಬುಡದಲ್ಲಿ ಚೆಲ್ಲಿದೆ.

ಫೆಬ್ರವರಿಯಲ್ಲಿ ಸೈನಿಕರನ್ನು ತರಬೇತುಗೊಳಿಸಲು ಬಂದ ಪ್ರಷ್ಯದ ಸೇನಾಧಿಕಾರಿ ಫಾನ್ ಸ್ಟ್ಯೂಬೆನ್‌ನ ಕವಾಯತು ಮಾತ್ರ ಎಲ್ಲರಿಗೂ ಗೊತ್ತು. ಗುಡಿಸಲುಗಳನ್ನು ಸಾಲಾಗಿಸಿ, ಅಡುಗೆಯನ್ನು ಒಂದು ಕಡೆಗೂ ಪಾಯಿಖಾನೆಯನ್ನು ಎದುರಿನ ಇಳಿಜಾರಿಗೂ ಇಡಿಸಿದವನೂ ಅವನೇ. ನನ್ನ ಮಾದರಿಯಲ್ಲಿ ಆ ಗುಂಡಿಗೆ ಜಾಗ ಕೊಟ್ಟಿದ್ದೇನೆ. ಹಗ್ಗದ ಮೇಲೆ ಬಟ್ಟೆ ಒಣಹಾಕುತ್ತಿರುವ ಇಬ್ಬರು ಹೆಂಗಸರೂ ಬಂದರು. ಸೈನ್ಯದೊಡನೆ ನೂರಾರು ಹೆಂಗಸರಿದ್ದರು, ಒಗೆಯುವುದೂ ರೋಗಿಗಳ ಆರೈಕೆಯೂ ಅವರ ಪಾಲಿಗಿತ್ತು.

ಒಂಬತ್ತನೆಯ ವಾರ

ಮೊದಲ ಗುಡಿಸಲಿನ ಸೂರನ್ನು ಎತ್ತಿ ಒಳಗೆ ನೋಡುವಂತೆ ಮಾಡಿದ್ದೇನೆ. ನಾಲ್ಕು ಮೂಲೆಗೂ ಮೂರು ಅಂತಸ್ತಿನ ಅಟ್ಟಣೆ, ಹನ್ನೆರಡು ಮಲಗುವ ಜಾಗ. ಹಾಸಿಗೆಯ ಹುಲ್ಲಿಗೆ ಕತ್ತದ ಎಳೆಯನ್ನು ಸಣ್ಣಗೆ ಕತ್ತರಿಸಿ ಹಾಸಿದೆ. ಹನ್ನೆರಡು ಸಾವಿರದಲ್ಲಿ ಎರಡು ಸಾವಿರವೆಂದರೆ ಆರಕ್ಕೊಬ್ಬ, ಗುಡಿಸಲಿಗೆ ಇಬ್ಬರು. ಬಾಗಿಲ ಪಕ್ಕದ ಎರಡು ಜಾಗಗಳಿಗೆ ಹುಲ್ಲು ಹಾಸಿಲ್ಲ. ಜೂನ್ 19ರಂದು ಉಳಿದ ಹತ್ತು ಜನ ಇಲ್ಲಿಂದ ಹೊರಟರು. ಒಂಬತ್ತು ದಿನಗಳ ನಂತರ ಮಾನ್‌ಮೌತ್‌ನಲ್ಲಿ ಬ್ರಿಟಿಷರೆದುರು ಸಾಲು ಮುರಿಯದೆ ನಿಂತ ಸೈನ್ಯದಲ್ಲಿ ಅಂಥವರೇ ಇದ್ದರು.

ಇನ್ನು ಉಳಿದಿರುವುದು ಹೊಗೆಗೂಡಿನ ಮಸಿ, ಎರಡನೆಯ ಗುಡಿಸಲಿನ ಬಾಗಿಲು.