ಕಿರುಬೆರಳು ಹೇಳಿದ ಸುದ್ದಿ

ನಾನು ಈಜು ಕಲಿತದ್ದು ಗದಗ ಕಡೆ ಮಾವನ ಹೊಲದ ಬಾವಿಯಲ್ಲಿ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು. ಆಗ ಇದ್ದ ಹೆದರಿಕೆ ಒಂದೇ, ಮುಳುಗೋದು. ತಣ್ಣೀರು ಏನು ಮಾಡುತ್ತೆ ಅಂತ ಯಾರೂ ಹೇಳಲಿಲ್ಲ.

ಹೋದ ಜನವರಿಯಲ್ಲಿ ಧಾರವಾಡದ ಹೊರಗಿನ ಕೆರೆಯೊಂದರಲ್ಲಿ ನಸುಕಿಗೇ ಇಳಿದೆ. ಎರಡು ತಾಸು ಬಿಡದೆ ಈಜಬೇಕು ಅನ್ನೋ ಹಟ. ಗೆಳೆಯ ಕಂಬಳಿ ಹೊದ್ದು ದಂಡೆಯಲ್ಲಿ ಕೂತಿದ್ದ.

ಎದೆಮಟ್ಟ ನೀರು ಬಂದದ್ದೇ ತಡ, ಉಸಿರು ಕಟ್ಟಿ ಏದುಸಿರು ಶುರುವಾಯಿತು. ಕೋಲ್ಡ್ ಶಾಕ್ ಅನ್ನೋದು ಇದಕ್ಕೇ. ಚರ್ಮಕ್ಕೆ ದಿಢೀರ್ ತಂಪು ತಾಗಿದರೆ ದೇಹ ನಮ್ಮನ್ನು ಕೇಳದೆ ಉಸಿರೆಳೆಯುತ್ತದೆ, ಆ ಹೊತ್ತಿಗೆ ಬಾಯಿ ನೀರೊಳಗಿದ್ದರೆ ಮುಗೀತು. ಎರಡು ಮೂರು ನಿಮಿಷ ಸುಮ್ನೆ ತೇಲಿದರೆ ತಹಬಂದಿಗೆ ಬರುತ್ತದೆ. ದಂಡೆಯಿಂದ ನೇರ ಡೈವ್ ಹೊಡೆಯುವ ನಮ್ಮ ಹುಡುಗರಿಗೆ ಇದನ್ನು ಯಾರು ಹೇಳಬೇಕೋ.

ಆಮೇಲೆ ಹಿತವಾಗೇ ಇತ್ತು. ಮೋಸ ಇರೋದೇ ಅಲ್ಲಿ. ಶಾಖ ಸಾಗಿಸುವುದರಲ್ಲಿ ನೀರು ಗಾಳಿಗಿಂತ ಸುಮಾರು 25 ಪಟ್ಟು ಮುಂದು. ರಕ್ತ ಕೈಕಾಲು ಬಿಟ್ಟು ಎದೆ ಹೊಟ್ಟೆ ಕಡೆ ಸರಿಯುತ್ತದೆ, ಬೆರಳು ಮರಗಟ್ಟುತ್ತವೆ, ಒಳಗಿನ ತಾಪ 35 ಡಿಗ್ರಿಗಿಂತ ಇಳಿದರೆ ಅದು ಹೈಪೊಥರ್ಮಿಯಾ, ಆಗ ತಲೆಯೂ ಮಂದವಾಗುತ್ತದೆ. ಒಂದೂವರೆ ತಾಸಿಗೆ ಗೆಳೆಯ "ಆರಾಮ?" ಅಂತ ಕೂಗಿದ. "ಆರಾಮ" ಅಂದೆ. ಆದರೆ ನನ್ನ ಕಿರುಬೆರಳು ಉಳಿದ ಬೆರಳುಗಳಿಂದ ದೂರ ಸರಿದು ಸೆಟೆದು ನಿಂತಿತ್ತು. ಎಷ್ಟು ಹೇಳಿದರೂ ಕೂಡಿಕೊಳ್ಳಲೊಲ್ಲದು. ಅಷ್ಟರಲ್ಲಿ ಅವನೇ "ಕೈ ಬೀಸೋದು ನಿಧಾನ ಆಗೇತಿ, ಬಾ ಮೇಲೆ" ಅಂತ ಬೈದ.

ಇಂಗ್ಲೆಂಡ್-ಫ್ರಾನ್ಸ್ ನಡುವಿನ ಇಂಗ್ಲಿಷ್ ಕಾಲುವೆ ಈಜುವವರ ಜೊತೆ ದೋಣಿಯಲ್ಲಿ ಬರುವವರೂ ಇದನ್ನೇ ಲೆಕ್ಕ ಹಾಕುತ್ತಾರೆ, ನಿಮಿಷಕ್ಕೆ ಎಷ್ಟು ಸಲ ಕೈ ಬಿತ್ತು ಅಂತ. ಅಲ್ಲಿ ಸುಮಾರು 33 ಕಿ.ಮೀ. ದೂರ, ಬೇಸಿಗೆಯಲ್ಲೂ ನೀರು 15ರಿಂದ 18 ಡಿಗ್ರಿ. ಸಾಂಪ್ರದಾಯಿಕ ನಿಯಮದ ಪ್ರಕಾರ ಮೈ ಬೆಚ್ಚಗಿಡುವ ರಬ್ಬರ್ ಉಡುಪು, ಅಂದರೆ ವೆಟ್‌ಸೂಟ್, ಹಾಕುವ ಹಾಗಿಲ್ಲ, ದೋಣಿ ಮುಟ್ಟುವ ಹಾಗೂ ಇಲ್ಲ. ನಮ್ಮ ದೇಶದವರೇ ಆದ ಮಿಹಿರ್ ಸೇನ್ 1958ರಲ್ಲಿ, 1959ರಲ್ಲಿ ಆರತಿ ಸಹಾ ಅದನ್ನು ದಾಟಿದರು ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಆ ತಂಪು ಎಂಥದ್ದು ಅಂತ ಊಹೆಗೆ ಬಂದದ್ದು ಈಗ.

ಮೇಲೆ ಬಂದ ಮೇಲೆ ನಿಜವಾದ ಫಜೀತಿ. ಹತ್ತು ನಿಮಿಷಕ್ಕೆ ಗಡಗಡ ನಡುಕ. ಅಂಗಿಯ ಒಂದು ಗುಂಡಿ ಹಾಕಲಾಗಲಿಲ್ಲ, ಚಹಾ ಅರ್ಧ ತೊಡೆ ಮೇಲೆ. ನೀರಿಂದ ಎದ್ದ ಮೇಲೂ ಒಳಗಿನ ತಾಪ ಸ್ವಲ್ಪ ಹೊತ್ತು ಇಳಿಯುತ್ತಲೇ ಇರುತ್ತದೆ. ಅದಕ್ಕೇ ಮೊದಲು ಒದ್ದೆ ಬಟ್ಟೆ ತೆಗೆದು ಮೈ ಒರೆಸಿ, ಬೆಚ್ಚಗೆ ಹೊದ್ದು ಕೂರಬೇಕು, ಬೈಕಂತೂ ಮುಟ್ಟಬಾರದು. ಮನೆಯಲ್ಲಿ ಅವ್ವ ಸುಡುಸುಡು ನೀರು ಕಾಯಿಸಿದ್ದಳು. ಅದೂ ಬೇಡ, ರಕ್ತನಾಳ ಒಮ್ಮೆಲೇ ಹಿಗ್ಗಿ ಬಿಪಿ ಬಿದ್ದು ಬಚ್ಚಲಲ್ಲೇ ತಲೆ ತಿರುಗಬಹುದು. ಅವಳನ್ನು ಒಪ್ಪಿಸೋದು ಕೆರೆ ಈಜಿದ್ದಕ್ಕಿಂತ ಜಾಸ್ತಿ ಕಷ್ಟವಾಯಿತು.

ಈಗಲೂ ಹೋಗುತ್ತೇವೆ. ಗೆಳೆಯ ಮಾತ್ರ "ಆರಾಮ?" ಅಂತ ಕೇಳುವುದನ್ನು ಬಿಟ್ಟಿದ್ದಾನೆ. "ಬೆರಳು ತೋರಸು" ಅಂತಾನೆ.